ಸ್ವಂತ ವಾಲ್ವ್ ಆಂಪ್ಲಿಫೈಯರ್ ಕಟ್ಟಬೇಕು, ಥಿಯರಿ ಎಲ್ಲಿಂದ ಶುರು ಮಾಡಲಿ?

ನೀವು ಕೇಳಿರುವುದು ಇಷ್ಟು: ಡಿಪ್ಲೊಮಾದಲ್ಲಿ ಟ್ರಾನ್ಸಿಸ್ಟರ್ ಓದಿದ್ದೀರಿ, ಸೋಲ್ಡರ್ ಮಾಡಲು ಬರುತ್ತದೆ, ಮನೆಯಲ್ಲಿ ಹಾಡು ಕೇಳಲು ಒಂದು ವಾಲ್ವ್ (ಹಳೇ ರೇಡಿಯೋಗಳಲ್ಲಿದ್ದ ಗಾಜಿನ ನಿರ್ವಾತ ಕೊಳವೆ) ಆಂಪ್ಲಿಫೈಯರ್ ಕಟ್ಟುವ ಆಸೆ. ಯಾರದೋ ಸರ್ಕ್ಯೂಟ್ ನೋಡಿ ಸುಮ್ನೆ ಜೋಡಿಸುವುದು ಬೇಡ, ಅರ್ಥ ಮಾಡಿಕೊಂಡು ಕಟ್ಟಬೇಕು. ಎಷ್ಟು ಥಿಯರಿ ಬೇಕು, ಎಷ್ಟು ಗಣಿತ ಬೇಕು?

ಗಣಿತ ಓಮ್‌ನ ನಿಯಮದಷ್ಟೇ. ಜೊತೆಗೆ ಒಂದು ವರ್ಗಮೂಲ. ಅದಕ್ಕಿಂತ ಮುಖ್ಯವಾಗಿ ಬೇಕಾಗುವುದು ಗ್ರಾಫ್ ಹಾಳೆ, ಪೆನ್ಸಿಲ್, ಸ್ಕೇಲು. ತಮಾಷೆ ಮಾಡುತ್ತಿಲ್ಲ. ವಾಲ್ವ್ ಥಿಯರಿಯ ಮುಕ್ಕಾಲು ಪಾಲು ಡೇಟಾಶೀಟಿನ ಗ್ರಾಫಿನ ಮೇಲೆ ನೀವು ಎಳೆಯುವ ಒಂದು ಗೆರೆಯಲ್ಲಿದೆ. ಅದಕ್ಕೆ ಲೋಡ್ ಲೈನ್ ಅನ್ನುತ್ತಾರೆ. ಅದು ಕೈಗೆ ಹತ್ತಿದರೆ ಯಾವ ಸರ್ಕ್ಯೂಟ್ ನೋಡಿದರೂ ಈ ರೆಸಿಸ್ಟರ್ ಇಲ್ಲಿ ಯಾಕಿದೆ, ಇಷ್ಟೇ ಓಮ್ ಯಾಕೆ ಎಂದು ತಿಳಿಯುತ್ತದೆ. ಹಾಗಾಗಿ ಸಾವಿರ ಪುಟದ ಹಳೇ ಕೈಪಿಡಿಗಳನ್ನು ಸದ್ಯಕ್ಕೆ ಮುಟ್ಟಬೇಡಿ. ಓದಲು ಏನಾದರೂ ಬೇಕೇ ಬೇಕು ಅಂದರೆ, ಅಮೆರಿಕದ ನೌಕಾಪಡೆ ತನ್ನ ಟೆಕ್ನಿಷಿಯನ್‌ಗಳಿಗಾಗಿ ಮಾಡಿಸಿದ ತರಬೇತಿ ಪಾಠಗಳಲ್ಲಿ ವಾಲ್ವ್‌ಗಳ ಭಾಗ ಪುಕ್ಕಟೆಯಾಗಿ ಸಿಗುತ್ತದೆ. ಅಷ್ಟು ಸಾಕು.

ಮೊದಲ ಆಂಪಿಗೆ ಎರಡೇ ಬಗೆಯ ವಾಲ್ವ್ ಇಟ್ಟುಕೊಳ್ಳಿ: ಇಸಿಸಿ83 ಮತ್ತು ಇಎಲ್84. ಅಮೆರಿಕದ ಹೆಸರಿನಲ್ಲಿ 12ಎಎಕ್ಸ್7 ಮತ್ತು 6ಬಿಕ್ಯು5. ಒಂದು ಇಸಿಸಿ83 ಒಳಗೆ ಎರಡು ಟ್ರಯೋಡ್ (ಕ್ಯಾಥೋಡ್, ಗ್ರಿಡ್, ಪ್ಲೇಟ್ ಎಂಬ ಮೂರು ಭಾಗಗಳ ವಾಲ್ವ್) ಇರುತ್ತವೆ. ಅಂದರೆ ಒಂದು ಇಸಿಸಿ83, ಎರಡು ಇಎಲ್84 ಇದ್ದರೆ ಸ್ಟೀರಿಯೊ ಆಯಿತು. ಹೊಸದು ಬೇಕಾದರೆ ಸ್ಲೊವಾಕಿಯಾದ ಜೆಜೆ ಕಂಪನಿ ಎರಡನ್ನೂ ಈಗಲೂ ತಯಾರಿಸುತ್ತದೆ. ನಮ್ಮ ಬೆಂಗಳೂರಿನ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಕೂಡ ಹಿಂದೆ, 1961ರಿಂದ, ಜಾಲಹಳ್ಳಿಯಲ್ಲಿ ರೇಡಿಯೋ ವಾಲ್ವ್ ಮಾಡುತ್ತಿತ್ತು. ಹಳೇ ರೇಡಿಯೋ ರಿಪೇರಿಯವರ ಡಬ್ಬಗಳಲ್ಲಿ ಬಿಇಎಲ್ ಮುದ್ರೆಯವು ಸಿಕ್ಕರೆ ಬಿಡಬೇಡಿ. 300ಬಿ ಥರದ ದುಬಾರಿ ವಾಲ್ವ್‌ಗಳ ಮಾತು ಈಗ ಬೇಡ. ಅವು ಕಲಿಸುವುದು ಇದೇ ಪಾಠವನ್ನು, ಫೀಸು ಮಾತ್ರ ಜಾಸ್ತಿ.

ಒಳಗೆ ನಡೆಯುವುದು ಸರಳ. ಹೀಟರ್ ಕ್ಯಾಥೋಡನ್ನು ಕಾಯಿಸುತ್ತದೆ. ಕ್ಯಾಥೋಡಿನ ಮೇಲಿನ ಆಕ್ಸೈಡ್ ಲೇಪದಿಂದ ಎಲೆಕ್ಟ್ರಾನ್‌ಗಳು ಹೊರಬರುತ್ತವೆ. ಪಾಸಿಟಿವ್ ವೋಲ್ಟೇಜಿರುವ ಪ್ಲೇಟು ಅವನ್ನು ಎಳೆದುಕೊಳ್ಳುತ್ತದೆ. ಮಧ್ಯದ ತಂತಿ ಜಾಲರಿಗೆ, ಅಂದರೆ ಗ್ರಿಡ್ಡಿಗೆ, ನೆಗೆಟಿವ್ ವೋಲ್ಟೇಜ್ ಕೊಟ್ಟರೆ ಹರಿವು ತಗ್ಗುತ್ತದೆ. ಫ್ಲೆಮಿಂಗ್ 1904ರಲ್ಲಿ ಡಯೋಡ್ ಮಾಡಿದ, ಡಿ ಫಾರೆಸ್ಟ್ ಒಂದೆರಡು ವರ್ಷ ಬಿಟ್ಟು ಅದಕ್ಕೆ ಗ್ರಿಡ್ ಸೇರಿಸಿದ. ನೀವು ಟ್ರಾನ್ಸಿಸ್ಟರ್ ಕಡೆಯಿಂದ ಬರುವವರು, ಆದ್ದರಿಂದ ಬಿಜೆಟಿ ಮರೆತು ಎನ್-ಚಾನೆಲ್ ಜೆಫೆಟ್ ನೆನಪಿಸಿಕೊಳ್ಳಿ. ಗೇಟಿನ ಜಾಗದಲ್ಲಿ ಗ್ರಿಡ್, ಸೋರ್ಸಿನ ಜಾಗದಲ್ಲಿ ಕ್ಯಾಥೋಡ್, ಡ್ರೇನಿನ ಜಾಗದಲ್ಲಿ ಪ್ಲೇಟ್. ಗ್ರಿಡ್ ನೆಗೆಟಿವ್ ಇರುವವರೆಗೆ ಅದಕ್ಕೆ ಕರೆಂಟ್ ಬೇಕಿಲ್ಲ, ವೋಲ್ಟೇಜ್ ಸಾಕು. ಪಿ-ಚಾನೆಲ್ ಥರದ ಜೋಡಿ ಮಾತ್ರ ವಾಲ್ವ್ ಲೋಕದಲ್ಲಿ ಇಲ್ಲ.

ಈಗ ಇಸಿಸಿ83ರ ಡೇಟಾಶೀಟ್ ತೆಗೆಯಿರಿ. ಅಡ್ಡಕ್ಕೆ ಪ್ಲೇಟ್ ವೋಲ್ಟೇಜ್, ಮೇಲಕ್ಕೆ ಪ್ಲೇಟ್ ಕರೆಂಟ್ ಇರುವ ಗ್ರಾಫ್ ಸಿಗುತ್ತದೆ. ಒಂದೊಂದು ಗ್ರಿಡ್ ವೋಲ್ಟೇಜಿಗೆ ಒಂದೊಂದು ಬಾಗಿದ ಗೆರೆ. ನಿಮ್ಮ ಸಪ್ಲೈ 250 ವೋಲ್ಟ್, ಪ್ಲೇಟ್ ರೆಸಿಸ್ಟರ್ 100 ಕಿಲೋಓಮ್ ಅಂತ ಇಟ್ಟುಕೊಳ್ಳೋಣ. ವಾಲ್ವ್ ಪೂರ್ತಿ ಬಂದಾದರೆ ಕರೆಂಟ್ ಸೊನ್ನೆ, ಪ್ಲೇಟಿನಲ್ಲಿ 250 ವೋಲ್ಟ್. ಅದು ಒಂದು ಚುಕ್ಕೆ. ವಾಲ್ವ್ ಪೂರ್ತಿ ಶಾರ್ಟ್ ಆದಂತಿದ್ದರೆ 250 ಭಾಗಿಸು 100 ಕಿಲೋಓಮ್, ಅಂದರೆ 2.5 ಮಿಲಿಆಂಪ್. ಅದು ಇನ್ನೊಂದು ಚುಕ್ಕೆ. ಎರಡನ್ನೂ ಸ್ಕೇಲಿಟ್ಟು ಸೇರಿಸಿ. ಮುಗಿಯಿತು. ಗ್ರಿಡ್ಡಿನಲ್ಲಿ ಏನೇ ಆದರೂ ಆ ವಾಲ್ವ್ ಈ ಗೆರೆ ಬಿಟ್ಟು ಕದಲುವಂತಿಲ್ಲ.

ಹಾಡು ಇಲ್ಲದಾಗ ವಾಲ್ವ್ ಈ ಗೆರೆಯ ಮೇಲೆ ಎಲ್ಲಿ ಕೂರಬೇಕು ಎನ್ನುವುದು ನಿಮ್ಮ ತೀರ್ಮಾನ. ಅದೇ ಬಯಾಸ್. ಗ್ರಿಡ್ ಸೊನ್ನೆಯ ಹತ್ತಿರ ಬಂದರೆ ಕರೆಂಟ್ ಕುಡಿಯಲು ಶುರು ಮಾಡುತ್ತದೆ, ಶಬ್ದ ಕೆಡುತ್ತದೆ. ತುಂಬ ನೆಗೆಟಿವ್ ಕಡೆ ಹೋದರೆ ಬಾಗಿದ ಗೆರೆಗಳು ಒಂದಕ್ಕೊಂದು ಒತ್ತಿಕೊಂಡಿರುತ್ತವೆ, ಅಲ್ಲೂ ಕೆಡುತ್ತದೆ. ಮೈನಸ್ 1.3 ವೋಲ್ಟ್ ಹತ್ತಿರ ಇಟ್ಟರೆ ಕರೆಂಟ್ ಸುಮಾರು 0.86 ಮಿಲಿಆಂಪ್ ಬರುತ್ತದೆ. ನೂರು ಕಿಲೋಓಮಿನಲ್ಲಿ 86 ವೋಲ್ಟ್ ಇಳಿದು ಪ್ಲೇಟಿನಲ್ಲಿ 164 ಉಳಿಯುತ್ತದೆ. ಈ ಮೈನಸ್ 1.3 ತರಲು ಬೇರೆ ಬ್ಯಾಟರಿ ಬೇಡ. ಗ್ರಿಡ್ಡನ್ನು ಒಂದು ರೆಸಿಸ್ಟರ್ ಮೂಲಕ ಗ್ರೌಂಡಿಗೆ ಕಟ್ಟಿ, ಕ್ಯಾಥೋಡನ್ನು 1.3 ವೋಲ್ಟ್ ಮೇಲಕ್ಕೆತ್ತಿದರೆ ಆಯಿತು. 1.3 ಭಾಗಿಸು 0.86 ಮಿಲಿಆಂಪ್, ಸುಮಾರು 1.5 ಕಿಲೋಓಮ್. ಎಷ್ಟೋ ಸರ್ಕ್ಯೂಟುಗಳಲ್ಲಿ ಕ್ಯಾಥೋಡಿನಡಿ 1.5 ಕೆ ನೋಡಿರುತ್ತೀರಿ, ಅಲ್ವಾ? ಅದು ಹೀಗೆ ಬಂದದ್ದು.

ಅದೇ ಗೆರೆಯಲ್ಲಿ ಗೇನ್, ಅಂದರೆ ಸಿಗ್ನಲ್ ಎಷ್ಟು ಪಟ್ಟು ಹಿಗ್ಗುತ್ತದೆ ಎನ್ನುವುದನ್ನು ಕೂಡ ಓದಬಹುದು. ಗ್ರಿಡ್ ಅರ್ಧ ವೋಲ್ಟ್ ಆಚೀಚೆ ಹೋದರೆ ಪ್ಲೇಟ್ ಎಷ್ಟು ವೋಲ್ಟ್ ಆಚೀಚೆ ಹೋಯಿತು ಎಂದು ಅಳೆಯಿರಿ. ಎರಡು ಕಡೆಯ ದೂರ ಸಮ ಇಲ್ಲದಿದ್ದರೆ ಆ ವ್ಯತ್ಯಾಸವೇ ಎರಡನೇ ಹಾರ್ಮೋನಿಕ್ ಡಿಸ್ಟಾರ್ಷನ್ (ಮೂಲ ಸ್ವರದ ಎರಡರಷ್ಟು ಫ್ರೀಕ್ವೆನ್ಸಿಯ ಸ್ವರ ಬೆರೆಯುವುದು). 'ವಾಲ್ವಿನ ಬೆಚ್ಚಗಿನ ಶಬ್ದ' ಎಂದು ಜನ ಕವಿತೆ ಬರೆಯುತ್ತಾರಲ್ಲ, ಅದರ ಬಹುಪಾಲು ನಿಮ್ಮ ಸ್ಕೇಲಿನಲ್ಲೇ ಕಾಣುತ್ತದೆ.

ಸೂತ್ರದಿಂದಲೂ ಗೇನ್ ಸಿಗುತ್ತದೆ. ಡೇಟಾಶೀಟಿನಲ್ಲಿ ಮ್ಯೂ (ವಾಲ್ವ್ ಕೊಡಬಲ್ಲ ಗರಿಷ್ಠ ಗೇನ್) 100, ಒಳರೆಸಿಸ್ಟೆನ್ಸ್ 62.5 ಕಿಲೋಓಮ್ ಎಂದು ಕೊಟ್ಟಿರುತ್ತಾರೆ. ಮ್ಯೂ ನೂರನ್ನು ಪ್ಲೇಟ್ ರೆಸಿಸ್ಟರಿನ 100ರಿಂದ ಗುಣಿಸಿ, ಎರಡೂ ರೆಸಿಸ್ಟೆನ್ಸ್ ಕೂಡಿದ 162.5ರಿಂದ ಭಾಗಿಸಿದರೆ 61 ಚಿಲ್ಲರೆ. ಕಟ್ಟಿ ಅಳೆದಾಗ ಬರುವುದು 54ರ ಆಸುಪಾಸು. ಯಾಕೆ? ಆ 62.5 ಎನ್ನುವುದು ಪ್ಲೇಟಿನಲ್ಲಿ 250 ವೋಲ್ಟ್, 1.2 ಮಿಲಿಆಂಪ್ ಇದ್ದಾಗಿನ ಸಂಖ್ಯೆ. ನಿಮ್ಮ ಕರೆಂಟ್ ಅದಕ್ಕಿಂತ ಕಡಿಮೆ. ಕರೆಂಟ್ ಇಳಿದಷ್ಟೂ ಒಳರೆಸಿಸ್ಟೆನ್ಸ್ ಏರುತ್ತದೆ. ಮುಂದಿನ ವಾಲ್ವಿನ ಗ್ರಿಡ್ ರೆಸಿಸ್ಟರ್ ಕೂಡ ಸ್ವಲ್ಪ ಎಳೆಯುತ್ತದೆ. ಅದಕ್ಕೇ ಗ್ರಾಫ್ ಮೊದಲು, ಸೂತ್ರ ಆಮೇಲೆ ಎನ್ನುವುದು ನನ್ನ ಹಟ. ಇನ್ನೊಂದು: 54 ಬರುವುದು ಕ್ಯಾಥೋಡ್ ರೆಸಿಸ್ಟರಿಗೆ ಅಡ್ಡಲಾಗಿ ದೊಡ್ಡ ಕೆಪಾಸಿಟರ್ ಹಾಕಿದಾಗ. ತೆಗೆದರೆ 30ರ ಹತ್ತಿರಕ್ಕೆ ಬೀಳುತ್ತದೆ.

ವಾಲ್ಯೂಮ್ ಕಂಟ್ರೋಲಿಗೆ ಹಲವರು 1 ಮೆಗಾಓಮ್ ಪಾಟ್ (ತಿರುಗಿಸುವ ರೆಸಿಸ್ಟರ್) ಹಾಕುತ್ತಾರೆ. ಗ್ರಿಡ್ಡಿಗೆ ಕರೆಂಟ್ ಬೇಡ ಅಂದಮೇಲೆ ಏನಾಗುತ್ತದೆ ಎಂಬ ಧೈರ್ಯ. ಗ್ರಿಡ್ಡಿಗೂ ಪ್ಲೇಟಿಗೂ ಮಧ್ಯೆ 1.6 ಪಿಕೋಫ್ಯಾರಡ್ ಕೆಪಾಸಿಟೆನ್ಸ್ ಇದೆ. ಗೇನ್ 54 ಇದ್ದರೆ ಅದು 55 ಪಟ್ಟು ಹಿಗ್ಗಿ 90 ಪಿಕೋಫ್ಯಾರಡಿನಷ್ಟು ಕಾಣಿಸುತ್ತದೆ. ಇದು ಮಿಲ್ಲರ್ ಎಫೆಕ್ಟ್. ಪಾಟ್ ಮಧ್ಯದಲ್ಲಿದ್ದಾಗ ಅದರ ರೆಸಿಸ್ಟೆನ್ಸ್ 250 ಕಿಲೋಓಮ್. ಎರಡೂ ಸೇರಿ 7 ಕಿಲೋಹರ್ಟ್ಸ್‌ನಿಂದಲೇ ಮೇಲಿನ ಸ್ವರ ಇಳಿಯತೊಡಗುತ್ತದೆ. 100 ಕಿಲೋಓಮ್ ಪಾಟ್ ಹಾಕಿ, ಆ ಮಿತಿ 70 ಕಿಲೋಹರ್ಟ್ಸ್‌ಗೆ ಹೋಗುತ್ತದೆ.

ಇಎಲ್84 ಪೆಂಟೋಡ್, ಅಂದರೆ ಮೂರು ಗ್ರಿಡ್ ಸೇರಿ ಐದು ಭಾಗಗಳ ವಾಲ್ವ್. ಪ್ಲೇಟಿನಿಂದ ಚಿಮ್ಮುವ ಎಲೆಕ್ಟ್ರಾನ್‌ಗಳನ್ನು ವಾಪಸ್ ಕಳಿಸಲು ಮೂರನೇ ಗ್ರಿಡ್ ಹಾಕುವ ಉಪಾಯ ಫಿಲಿಪ್ಸ್‌ನ ಟೆಲೆಗೆನ್‌ನದು, 1926ರದು. ಇಲ್ಲಿ ಪ್ಲೇಟಿನಲ್ಲಿ ರೆಸಿಸ್ಟರ್ ಇಲ್ಲ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇದೆ. ಹೊಸಬರು ತಬ್ಬಿಬ್ಬಾಗುವುದು ಇಲ್ಲೇ. ಸಪ್ಲೈ 250 ವೋಲ್ಟ್ ಇದ್ದರೂ ಪ್ಲೇಟ್ 500ರ ಹತ್ತಿರ ಹೋಗುತ್ತದೆ. ಟ್ರಾನ್ಸ್‌ಫಾರ್ಮರ್ ಶಕ್ತಿಯನ್ನು ಕೂಡಿಟ್ಟುಕೊಂಡು ವಾಪಸ್ ಕೊಡುತ್ತದೆ, ಅದಕ್ಕೆ. ಡೇಟಾಶೀಟ್ ಹೇಳುವುದು 250 ವೋಲ್ಟ್, 48 ಮಿಲಿಆಂಪ್, ಲೋಡ್ 5.2 ಕಿಲೋಓಮ್. ಈ 5.2 ಯಾವ ಮಂತ್ರವೂ ಅಲ್ಲ. 250ನ್ನು 48 ಮಿಲಿಆಂಪಿನಿಂದ ಭಾಗಿಸಿ ನೋಡಿ. ಕರೆಂಟ್ 48ರಿಂದ ಸೊನ್ನೆಗೆ ಇಳಿಯುವಾಗ ವೋಲ್ಟೇಜ್ ಸರಿಯಾಗಿ ಇನ್ನೊಂದು 250 ಏರಲಿ ಎಂದು ಆ ಗೆರೆ. ಸಿಗುವುದು 5.7 ವ್ಯಾಟ್, ಅದೂ ಶೇ. 10 ಡಿಸ್ಟಾರ್ಷನ್ನಿನಲ್ಲಿ. ಮನೆಯ ಕೋಣೆಗೆ ಇದು ಬೇಕಾದಷ್ಟು.

250 ಗುಣಿಸು 48 ಮಿಲಿಆಂಪ್ ಅಂದರೆ 12 ವ್ಯಾಟ್. ಇಎಲ್84ರ ಪ್ಲೇಟ್ ತಡೆದುಕೊಳ್ಳುವ ಮಿತಿಯೂ 12 ವ್ಯಾಟ್. ಡೇಟಾಶೀಟಿನ 135 ಓಮ್ ಕ್ಯಾಥೋಡ್ ರೆಸಿಸ್ಟರ್ ಹಾಕಿದರೆ ಅಂಚಿನಲ್ಲೇ ನಡೆಯುತ್ತೀರಿ. ನಾನಾದರೆ 150 ಹಾಕುತ್ತೇನೆ.

ಸ್ಪೀಕರ್ 8 ಓಮ್. ಅದು ವಾಲ್ವಿಗೆ 5.2 ಕಿಲೋಓಮಿನಂತೆ ಕಾಣಬೇಕು. 5200 ಭಾಗಿಸು 8, ಬಂದದ್ದು 650. ಅದರ ವರ್ಗಮೂಲ ಸುಮಾರು 25.5. ಪ್ರೈಮರಿಯಲ್ಲಿ ಇಪ್ಪತ್ತೈದೂವರೆ ಸುತ್ತಿಗೆ ಸೆಕೆಂಡರಿಯಲ್ಲಿ ಒಂದು ಸುತ್ತು. ಟ್ರಾನ್ಸ್‌ಫಾರ್ಮರಿಗೆ ತನ್ನದೇ ಆದ ಓಮ್ ಇರುವುದಿಲ್ಲ, ಇರುವುದು ಈ ಅನುಪಾತ ಮಾತ್ರ. ಅದೇ ಟ್ಯಾಪಿಗೆ 4 ಓಮ್ ಸ್ಪೀಕರ್ ಹಾಕಿದರೆ ವಾಲ್ವಿಗೆ ಕಾಣುವುದು 2.6 ಕಿಲೋಓಮ್. ಊರಿನ ವೈಂಡಿಂಗ್ ಅಂಗಡಿಯಲ್ಲಿ ಸುತ್ತಿಸುವುದಾದರೆ ಒಂದು ಮಾತು ಒತ್ತಿ ಹೇಳಿ. ಪವರ್ ಟ್ರಾನ್ಸ್‌ಫಾರ್ಮರಿನ ಥರ ಸ್ಟ್ಯಾಂಪಿಂಗ್‌ಗಳನ್ನು (ಇಂಗ್ಲಿಷಿನ ಇ, ಐ ಆಕಾರದ ಕಬ್ಬಿಣದ ತಗಡುಗಳು) ಒಂದು ಆ ಕಡೆ ಒಂದು ಈ ಕಡೆ ಹೆಣೆಯಬಾರದು. 'ಇ' ಎಲ್ಲ ಒಂದು ಕಡೆ, 'ಐ' ಎಲ್ಲ ಒಂದು ಕಡೆ, ಮಧ್ಯೆ ತೆಳು ಕಾಗದ. ಪ್ರೈಮರಿಯಲ್ಲಿ ಸದಾ ಡಿಸಿ ಹರಿಯುತ್ತದೆ. ಆ ಸಂದು ಇಲ್ಲದಿದ್ದರೆ ಕಬ್ಬಿಣ ಸ್ಯಾಚುರೇಟ್ ಆಗುತ್ತದೆ, ಬಾಸ್ ಹೋಗುತ್ತದೆ. ಸ್ಪೀಕರ್ ಇಲ್ಲದೆ ಆಂಪ್ ಚಾಲೂ ಮಾಡಿ ಸಿಗ್ನಲ್ ಕೊಡಬೇಡಿ. ಪ್ರೈಮರಿಯಲ್ಲಿ ವೋಲ್ಟೇಜ್ ಹುಚ್ಚಾಪಟ್ಟೆ ಏರಿ ಇನ್ಸುಲೇಷನ್ ಸೀಳಬಹುದು.

ಪವರ್ ಸಪ್ಲೈ ನಿಮಗೆ ಗೊತ್ತಿರುವುದೇ. 200 ವೋಲ್ಟ್ ಸೆಕೆಂಡರಿ, ನಾಲ್ಕು 1ಎನ್4007 ಡಯೋಡ್, ಫಿಲ್ಟರ್. ಹೀಟರಿಗೆ 6.3 ವೋಲ್ಟ್, ಮೂರು ವಾಲ್ವಿಗೆ ಒಟ್ಟು 1.82 ಆಂಪ್. ವಾಲ್ವ್ ರೆಕ್ಟಿಫೈಯರ್ ಈಗ ಬೇಡ. ನೆಗೆಟಿವ್ ಫೀಡ್‌ಬ್ಯಾಕ್ (ಔಟ್‌ಪುಟ್ಟಿನ ಒಂದಂಶವನ್ನು ತಿರುಗಿಸಿ ಇನ್‌ಪುಟ್ಟಿಗೆ ಕೊಟ್ಟು ಡಿಸ್ಟಾರ್ಷನ್ ತಗ್ಗಿಸುವುದು) ಕೂಡ ಆಮೇಲೆ. ಆದರೆ ಅದಕ್ಕೆ ಜಾಗ ಇದೆ. ಇಎಲ್84ಕ್ಕೆ ಗ್ರಿಡ್ಡಿನಲ್ಲಿ ಹೆಚ್ಚೆಂದರೆ 7 ವೋಲ್ಟ್ ಪೀಕ್ ಬೇಕು. 54ರಿಂದ ಭಾಗಿಸಿದರೆ ಇನ್‌ಪುಟ್ಟಿನಲ್ಲಿ 0.14 ವೋಲ್ಟೂ ಬೇಡ. ಮೊಬೈಲ್ ಅದಕ್ಕಿಂತ ಜಾಸ್ತಿ ಕೊಡುತ್ತದೆ. ಮಿಕ್ಕ ಗೇನನ್ನು ಮುಂದೆ ಫೀಡ್‌ಬ್ಯಾಕಿಗೆ ಖರ್ಚು ಮಾಡಬಹುದು.

ಇನ್ನು ಜೀವದ ಮಾತು. ಟ್ರಾನ್ಸಿಸ್ಟರಿನ 12 ವೋಲ್ಟಿಗೆ ಒಗ್ಗಿದ ಕೈ ಇದು, ಇಲ್ಲಿರುವುದು ಕೊಲ್ಲುವ ಡಿಸಿ. ಕರೆಂಟನ್ನು ನೇರವಾಗಿ ಗೋಡೆಯ 230ರಿಂದ ರೆಕ್ಟಿಫೈ ಮಾಡುವ ಸರ್ಕ್ಯೂಟ್ ಯಾರು ತೋರಿಸಿದರೂ ಬೇಡ ಅನ್ನಿ, ಮಧ್ಯೆ ಟ್ರಾನ್ಸ್‌ಫಾರ್ಮರ್ ಇರಲೇಬೇಕು. ಚಾಸಿಗೆ ಅರ್ತ್ ಕೊಡಿ. ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರ್‌ಗಳು ಹಿಡಿದಿಟ್ಟುಕೊಂಡಿರುತ್ತವೆ. ಪ್ರತಿ 47 ಮೈಕ್ರೋಫ್ಯಾರಡ್ ಫಿಲ್ಟರ್ ಕೆಪಾಸಿಟರಿಗೆ ಅಡ್ಡ 220 ಕಿಲೋಓಮ್, 2 ವ್ಯಾಟಿನ ಬ್ಲೀಡರ್ (ಚಾರ್ಜ್ ಖಾಲಿ ಮಾಡುವ ರೆಸಿಸ್ಟರ್) ಹಾಕಿ. ಒಂದು ನಿಮಿಷ ಕಾಯಿರಿ, ಆಮೇಲೂ ಮೀಟರ್ ಹಿಡಿದು ಸೊನ್ನೆ ಕಂಡ ಮೇಲೆಯೇ ಕೈ ಹಾಕಿ. ಚಾಲೂ ಇರುವಾಗ ಅಳೆಯುವುದಾದರೆ ಒಂದು ಕೈ ಜೇಬಿನಲ್ಲಿರಲಿ.

ಮೊದಲ ಸಲ ಸ್ವಿಚ್ ಹಾಕಿದಾಗ ಹಾಡು ಕೊಡಬೇಡಿ. ಗ್ರಾಫ್ ಹಾಳೆ ಪಕ್ಕದಲ್ಲಿಟ್ಟು ಮೀಟರ್ ಹಿಡಿಯಿರಿ. ಇಸಿಸಿ83ರ ಕ್ಯಾಥೋಡಿನಲ್ಲಿ 1.3, ಪ್ಲೇಟಿನಲ್ಲಿ 164ರ ಹತ್ತಿರ ಇರಬೇಕು. ಹತ್ತಿಪ್ಪತ್ತು ವೋಲ್ಟ್ ಆಚೀಚೆ ಇದ್ದರೆ ಚಿಂತೆಯಿಲ್ಲ, ವಾಲ್ವ್‌ಗಳು ಒಂದರಂತೆ ಒಂದು ಇರುವುದಿಲ್ಲ. ಇಎಲ್84ರ ಕ್ಯಾಥೋಡಿನಲ್ಲಿ 7ರಿಂದ 8 ವೋಲ್ಟ್. ಅದರ ಗ್ರಿಡ್ಡಿನಲ್ಲಿ ಸೊನ್ನೆ. ಅಲ್ಲಿ ಒಂದೆರಡು ವೋಲ್ಟ್ ಪಾಸಿಟಿವ್ ಕಂಡರೆ ತಕ್ಷಣ ಆರಿಸಿ. ಹೆಚ್ಚಿನ ಸಲ ಅದು ಇಸಿಸಿ83ರ ಪ್ಲೇಟಿನಿಂದ ಇಎಲ್84ರ ಗ್ರಿಡ್ಡಿಗೆ ಸಿಗ್ನಲ್ ದಾಟಿಸುವ ಹಳೇ ಕಪ್ಲಿಂಗ್ ಕೆಪಾಸಿಟರ್ ಲೀಕ್ ಆಗುತ್ತಿರುವುದು. ಹೊಸ ಫಿಲ್ಮ್ ಕೆಪಾಸಿಟರ್ ಹಾಕಿ, 400 ವೋಲ್ಟ್ ಅಥವಾ ಅದಕ್ಕೂ ಮೇಲಿನದು.