ಎರಡು ವರ್ಷದ ಮಗು ಕರೆದರೆ ತಿರುಗುತ್ತಿಲ್ಲ: ಸಕಲೇಶಪುರದಿಂದ ಎಲ್ಲಿಗೆ ಹೋಗಬೇಕು?

ಮಗನಿಗೆ ಎರಡು ತುಂಬಿದೆ, ಒಂದು ಪದವೂ ಇಲ್ಲ, ಹೆಸರು ಕರೆದರೆ ತಿರುಗಲ್ಲ, ಸಕಲೇಶಪುರದಿಂದ ಎಲ್ಲಿಗೆ ಹೋಗೋದು ಅಂತ ಕೇಳಿದ್ದೀರಿ. ‘ಗಂಡು ಮಕ್ಕಳಿಗೆ ಮಾತು ತಡ’ ಅನ್ನೋರ ಮಾತು ಕೇಳಿ ಕಾಯಬೇಡಿ ಮೇಡಂ.

ತಾಲ್ಲೂಕು ಆಸ್ಪತ್ರೆಯ ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆ) ತಂಡದಿಂದ ರೆಫರಲ್ ಚೀಟಿ ಬರೆಸಿಕೊಳ್ಳಿ. ಅವರು ಅಂಗನವಾಡಿಗೆ ಬರೋದು ವರ್ಷಕ್ಕೆ ಎರಡೇ ಸಲ, ನೀವೇ ಹೋಗಿ. ಚೀಟಿ ಹಿಡಿದು ಹಾಸನದ ಹಿಮ್ಸ್ ಆಸ್ಪತ್ರೆಯಲ್ಲಿ ಡಿಇಐಸಿ, ಅಂದರೆ ಮಕ್ಕಳ ಬೆಳವಣಿಗೆಯ ತೊಂದರೆ ಬೇಗ ಪತ್ತೆ ಮಾಡೋ ಜಿಲ್ಲಾ ಕೇಂದ್ರ, ಎಲ್ಲಿದೆ ಅಂತ ವಿಚಾರಿಸಿ. ಆರು ವರ್ಷದೊಳಗಿನವರ ಬೆಳವಣಿಗೆ ನೋಡುವುದು ಅದರ ಕೆಲಸ.

ಆಟಿಸಂ (ಮಾತು, ಜನರ ಜೊತೆ ಬೆರೆಯೋದು ಬೇರೆ ರೀತಿ ಇರುವ ಬೆಳವಣಿಗೆಯ ಸ್ಥಿತಿ) ಹೌದೋ ಅಲ್ಲವೋ ಅನ್ನೋ ಮೊದಲು ಕಿವಿ ನೋಡಿಸಿ. ತಟ್ಟೆ ಬಡಿದರೆ ಬೆಚ್ಚುತ್ತಾನೆ ಅಂತ ಸುಮ್ಮನಾಗಬೇಡಿ. ದೊಡ್ಡ ಸದ್ದು ಕೇಳಿಸಿಯೂ ಸ, ಶ ತರಹದ ಸಣ್ಣ ಧ್ವನಿ ಕೇಳಿಸದೆ ಇರಬಹುದು, ಆಗ ಮಾತು ತಡವಾಗಬಹುದು. ಸದ್ದಿಗೆ ಕಿವಿಯ ನರ, ಮೆದುಳು ಹೇಗೆ ಸ್ಪಂದಿಸುತ್ತೆ ಅಂತ ಅಳೆಯೋ ಬೆರಾ ಪರೀಕ್ಷೆಗೆ ಮಗು ನಿದ್ದೆಯಲ್ಲಿರಬೇಕು. ಬಹಳ ಜನ ಪರೀಕ್ಷೆ ಆಗದೆ ವಾಪಸ್ ಬರೋದು ಇದಕ್ಕೇ: ಮಕ್ಕಳು ಬಸ್ಸಲ್ಲಿ ನಿದ್ದೆ ಮುಗಿಸಿ, ಅಲ್ಲಿ ಎದ್ದು ಕೂತಿರ್ತಾವೆ. ಅವತ್ತು ಬೇಗ ಎಬ್ಬಿಸಿ, ದಾರಿಯಲ್ಲಿ ಮಲಗಿಸಬೇಡಿ, ಅಲ್ಲೇ ಊಟ ಮಾಡಿಸಿ. ನೆಗಡಿ ಇದ್ದರೆ ಮೊದಲೇ ಹೇಳಿ, ಕಿವಿಯೊಳಗೆ ನೀರು ತುಂಬಿದ್ದರೆ ಫಲಿತಾಂಶ ತಪ್ಪಬಹುದು.

ಹಾಸನದಲ್ಲಿ ತಡವಾದರೆ ಮೈಸೂರು ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ನೇರ ಹೋಗಿ. ಕಿವಿ, ಮಾತು, ಮನೋವಿಜ್ಞಾನ ಮೂರೂ ಒಂದೇ ಕಡೆ. ಮನೆಯಲ್ಲಿ ಮಾಡಿಸಬೇಕಾದ್ದನ್ನು ಬರೆಸಿಕೊಂಡು ಬನ್ನಿ, ವಾರಕ್ಕೊಂದು ಥೆರಪಿಯಷ್ಟೇ ಸಾಲದು. ಮೊಬೈಲ್ ಇವತ್ತೇ ಎತ್ತಿಡಿ.