ದಿನಾ ಜೊತೆಗಿರೋಕೆ ಯಾವ ಸಣ್ಣ ಮಿರರ್‌ಲೆಸ್ ಕ್ಯಾಮೆರಾ ಒಳ್ಳೇದು?

ಮಿರರ್‌ಲೆಸ್ ಅಂದರೆ ಒಳಗೆ ಕನ್ನಡಿ ಇಲ್ಲದ, ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ. ಮೊದಲು ಲೆನ್ಸ್ ಆರಿಸಿ, ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಆಮೇಲೆ. ಸೋನಿ ಎ7ಸಿ ಬ್ಯಾಟರಿ ಸೇರಿ 509 ಗ್ರಾಂ. ಸೆನ್ಸರ್ (ಬೆಳಕು ಹಿಡಿಯುವ ಚಿಪ್) ದೊಡ್ಡದಿರುವ ಫುಲ್‌ಫ್ರೇಮ್ ಕ್ಯಾಮೆರಾಕ್ಕೆ ಇದು ಕಡಿಮೆ ತೂಕವೇ. ಆದರೆ 24-70 ಎಂಎಂ ಎಫ್2.8 ತರಹದ ದೊಡ್ಡ ಜೂಮ್ ಲೆನ್ಸ್ ಹಾಕಿದರೆ ಕಿಲೋ ದಾಟುತ್ತದೆ. ಆಮೇಲೆ ಅದು ಬೀರುವಿನಲ್ಲೇ ಉಳಿಯುತ್ತದೆ, ಅಲ್ವಾ?

ನನ್ನ ಆಯ್ಕೆ ಫ್ಯೂಜಿಫಿಲ್ಮ್ ಎಕ್ಸ್-ಇ4, ಜೊತೆಗೆ 27 ಎಂಎಂ ಎಫ್2.8 ಲೆನ್ಸ್. ಲೆನ್ಸ್ ಬರೀ 84 ಗ್ರಾಂ, ದಪ್ಪ ಸುಮಾರು 23 ಮಿಲಿಮೀಟರ್. ಎರಡೂ ಸೇರಿ 450 ಗ್ರಾಂ ಒಳಗೇ. ಜೂಮ್ ಇಲ್ಲ, ನಾವೇ ಎರಡು ಹೆಜ್ಜೆ ನಡೆಯಬೇಕು. 2021ರ ಮಾಡೆಲ್ ಆದ್ದರಿಂದ ಸೆಕೆಂಡ್‌ಹ್ಯಾಂಡ್‌ನಲ್ಲೇ ಹುಡುಕಬೇಕಾಗಬಹುದು. ಹೊಸದೇ ಬೇಕಂದರೆ ಎಕ್ಸ್-ಎಂ5 ಇನ್ನೂ ಚಿಕ್ಕದು. ಆದರೆ ಅದರಲ್ಲಿ ವ್ಯೂಫೈಂಡರ್ (ಕಣ್ಣಿಟ್ಟು ನೋಡುವ ಕಿಂಡಿ) ಇಲ್ಲ. ನಮ್ಮ ಮಧ್ಯಾಹ್ನದ ಬಿಸಿಲಲ್ಲಿ ಸ್ಕ್ರೀನ್ ನೋಡಿ ಫ್ರೇಮ್ ಮಾಡೋದು ಕಷ್ಟ, ನನಗಂತೂ ಒಗ್ಗುವುದಿಲ್ಲ.

ಈ ಎರಡೂ ಫ್ಯೂಜಿ ಬಾಡಿಯಲ್ಲಿ ಸ್ಟೆಬಿಲೈಸೇಶನ್ (ಕೈ ನಡುಕ ತಡೆಯುವ ವ್ಯವಸ್ಥೆ) ಇಲ್ಲ. ಸಂಜೆ ಮೇಲೆ ಬೀದಿ, ಕಟ್ಟಡ ಜಾಸ್ತಿ ತೆಗೆಯುವವರು ಒಲಿಂಪಸ್ ಇ-ಎಂ10 ಮಾರ್ಕ್ 4 ನೋಡಿ. ಸೆನ್ಸರ್ ಸ್ವಲ್ಪ ಚಿಕ್ಕದು, ಕೈ ನಡುಕವನ್ನು ಮಾತ್ರ ಚೆನ್ನಾಗಿ ತಡೆಯುತ್ತದೆ. ಓಡೋ ಮಕ್ಕಳ ಫೋಟೋಗೆ ಸ್ಟೆಬಿಲೈಸೇಶನ್ ಪ್ರಯೋಜನವಿಲ್ಲ, ಅಲ್ಲಿ ಶಟರ್ ಸ್ಪೀಡೇ (ಶಟರ್ ತೆರೆದು ಮುಚ್ಚುವ ವೇಗ) ಹೆಚ್ಚಿಸಬೇಕು.