ಬಿಡಿಭಾಗವೋ, ಅಂಶವೋ, ಅಂಗವೋ?

ಪ್ರಶ್ನೆ: ನಾನು ವಿಜ್ಞಾನ, ತಂತ್ರಜ್ಞಾನದ ಬರಹಗಳನ್ನು ಕನ್ನಡಕ್ಕೆ ಅನುವಾದಿಸುತ್ತೇನೆ. ಇಂಗ್ಲಿಷಿನಲ್ಲಿ ‘ಕಾಂಪೊನೆಂಟ್’ ಬಂದಲ್ಲೆಲ್ಲ ‘ಘಟಕ’ ಎಂದು ಬರೆಯುವುದು ನನ್ನ ರೂಢಿ. ನಮ್ಮ ಸಂಪಾದಕರು ಅದನ್ನು ಒಂದು ಕಡೆ ‘ಅಂಶ’ ಎಂದು, ಇನ್ನೊಂದು ಕಡೆ ‘ಬಿಡಿಭಾಗ’ ಎಂದು ತಿದ್ದುತ್ತಾರೆ. ಎಲ್ಲಕ್ಕೂ ಒಪ್ಪುವ ಒಂದೇ ಪದವನ್ನು ಗೊತ್ತುಮಾಡಿಕೊಳ್ಳಬಾರದೇ?
– ಅನುವಾದಕಿ, ಬೆಂಗಳೂರು

ಉತ್ತರ: ನಾನು ನಿಮ್ಮ ಸಂಪಾದಕರ ಪಕ್ಷ. ‘ಘಟಕ’ದ ಮೇಲೆ ಈಗಾಗಲೇ ಹೊರಲಾರದಷ್ಟು ಹೊರೆ ಬಿದ್ದಿದೆ. ಸಾರಿಗೆ ನಿಗಮದ ಬಸ್ ಡಿಪೊ ಒಂದು ಘಟಕ. ಆಸ್ಪತ್ರೆಯಲ್ಲಿ ತೀವ್ರ ನಿಗಾ ಘಟಕ. ರಾಜಕೀಯ ಪಕ್ಷಕ್ಕೆ ರಾಜ್ಯ ಘಟಕ. ಊರಿನಲ್ಲಿ ಶುದ್ಧ ಕುಡಿಯುವ ನೀರಿನ ಘಟಕ. ಇಷ್ಟರ ಮೇಲೆ ಮೊಬೈಲಿನೊಳಗಿನ ತಿರುಪನ್ನೂ ಘಟಕವೆಂದು ಕರೆದರೆ ಓದುಗ ಏನನ್ನೆಂದು ನೆನೆಯಬೇಕು?

ಪದವನ್ನು ಆರಿಸುವ ಮೊದಲು, ಇಡೀ ವಸ್ತು ಹೇಗೆ ಒಂದಾಗಿದೆ ಎಂದು ಕೇಳಿಕೊಳ್ಳಿ. ಬಿಚ್ಚಿ ಮತ್ತೆ ಜೋಡಿಸಲು ಬರುವಂಥದ್ದಾದರೆ ಬಿಡಿಭಾಗ. ಸೈಕಲ್ಲಿಗೂ ಪಂಪ್‌ಸೆಟ್ಟಿಗೂ ಅದು ಚೆನ್ನಾಗಿ ಹೊಂದುತ್ತದೆ, ಅಂಗಡಿಯ ಬೋರ್ಡುಗಳ ಮೇಲೂ ಇದೆ. ಬೆರೆತುಹೋಗಿ ಕೈಯಿಂದ ಬೇರ್ಪಡಿಸಲಾಗದ್ದು ಅಂಶ: ಹಾಲಿನ ಕೊಬ್ಬಿನಂಶ, ಮಣ್ಣಿನ ತೇವಾಂಶ, ಆಹಾರದ ಪೋಷಕಾಂಶ. ಈ ಪದಕ್ಕೆ ಅಳತೆಯ ನಂಟೂ ಇದೆ. ಭಿನ್ನರಾಶಿಯಲ್ಲಿ ಗೆರೆಯ ಮೇಲಿನದು ಅಂಶ, ಕೆಳಗಿನದು ಛೇದ. ಭೂಪಟದಲ್ಲಿ ಅಕ್ಷಾಂಶ, ರೇಖಾಂಶ. ಹಾಗಾಗಿ ‘ಶೇಕಡಾ ಇಷ್ಟು’ ಎಂದು ಹೇಳಬಹುದಾದ ಕಡೆ ಅಂಶವನ್ನು ಧೈರ್ಯವಾಗಿ ಬಳಸಿ.

ಇಡಿಯ ಜೊತೆಗೇ ಬೆಳೆದು, ತನ್ನದೇ ಕೆಲಸವನ್ನು ಹೊತ್ತಿರುವುದು ಅಂಗ. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗಗಳನ್ನು ಸರ್ಕಾರದ ‘ಬಿಡಿಭಾಗಗಳು’ ಎಂದು ಕರೆದು ನೋಡಿ, ಎಡವಟ್ಟು ತಾನೇ ಕಾಣಿಸುತ್ತದೆ. ತಿಥಿ, ವಾರ, ನಕ್ಷತ್ರ, ಯೋಗ, ಕರಣ ಎಂಬ ಐದು ಅಂಗಗಳಿರುವುದರಿಂದಲೇ ಪಂಚಾಂಗ. ‘ಟಿಶ್ಯೂ’ಗೆ ಅಂಗಾಂಶ ಎಂದು ಹೆಸರಿಟ್ಟದ್ದು ಜಾಣತನ: ಅಂಗವಲ್ಲ, ಅಂಗ ಯಾವುದರಿಂದ ಆಗಿದೆಯೋ ಅದು. ಅಂಗಾಂಶ ಕೃಷಿಯ ಬಾಳೆ ಸಸಿ ನೆಡುವ ರೈತರೂ ಅದನ್ನು ಸಲೀಸಾಗಿ ಬಳಸುತ್ತಾರೆ.

ಘಟಕವನ್ನು ಓಡಿಸಿಬಿಡಿ ಎನ್ನುತ್ತಿಲ್ಲ. ವಾಕ್ಯದ ಘಟಕಗಳು, ಯೋಜನೆಯ ಘಟಕಗಳು ಎಂಬಂಥ ಅಮೂರ್ತ ಮಾತುಗಳಲ್ಲಿ ಅದು ಇರಲಿ. ಆದರೆ ಮಸಾಲೆ ಪುಡಿಯ ಪೊಟ್ಟಣದ ಮೇಲೆ ‘ಘಟಕಗಳು: ಮೆಣಸಿನಕಾಯಿ, ಕೊತ್ತಂಬರಿ’ ಎಂದು ಓದಿದಾಗ ನನಗೆ ಸೀನು ಬರುತ್ತದೆ. ಅಲ್ಲಿ ‘ಬಳಸಿದ ಪದಾರ್ಥಗಳು’ ಸಾಕು. ಇನ್ನೊಂದು ಮಾತು: ಭಾಗಕ್ಕೆ ತನ್ನದೇ ಹೆಸರಿದ್ದರೆ ಈ ಯಾವ ಪದವೂ ಬೇಡ. ಎತ್ತಿನ ಗಾಡಿಯ ಬಗ್ಗೆ ಬರೆಯುವಾಗ ನೊಗ, ಮೂಕಿ, ಅಚ್ಚು, ಕಡಾಣಿ ಎಂದೇ ಬರೆಯಿರಿ.

ಪ್ರಶ್ನೆ: ‘ಮುಂಗೈ’ ತತ್ಪುರುಷ ಸಮಾಸ ಎಂದು ಬರೆದು ಅಂಕ ಕಳೆದುಕೊಂಡೆ. ‘ಕೈಯ ಮುಂದು’ ಎಂಬಲ್ಲಿ ಷಷ್ಠೀ ವಿಭಕ್ತಿ ಇದೆಯಲ್ಲ?
– ಹತ್ತನೆಯ ತರಗತಿ ವಿದ್ಯಾರ್ಥಿ, ದಾವಣಗೆರೆ

ಉತ್ತರ: ವಿಭಕ್ತಿಯನ್ನು ಸರಿಯಾಗಿಯೇ ಗುರುತಿಸಿದ್ದೀಯ. ನೋಡಬೇಕಾದದ್ದು ಯಾವ ಪದಕ್ಕೆ ಪ್ರಾಧಾನ್ಯ ಎಂಬುದನ್ನು. ಅರಸನ ಮನೆ ಅರಮನೆ; ಅದು ಒಂದು ಮನೆಯೇ, ಅಂದರೆ ಎರಡನೆಯ ಪದ ಮುಖ್ಯ. ಆದ್ದರಿಂದ ತತ್ಪುರುಷ. ಮುಂಗೈ ಇಡೀ ಕೈ ಅಲ್ಲ, ಕೈಯ ಒಂದು ಭಾಗ. ಹೇಳಹೊರಟಿರುವುದು ‘ಮುಂದು’ ಎಂಬುದನ್ನು. ಹೀಗೆ ಭಾಗ ಮೊದಲು, ಇಡಿ ಆಮೇಲೆ ಬಂದು, ಭಾಗದ ಅರ್ಥವೇ ಮುಖ್ಯವಾದರೆ ಅದು ಅಂಶಿ ಸಮಾಸ. ಅಂಶವನ್ನು ಉಳ್ಳದ್ದು ಅಂಶಿ, ಇಲ್ಲಿ ಕೈ.

ಬಿಡಿಸಿ ಬರೆಯುವಾಗ ಪದಗಳು ಹಿಂದುಮುಂದಾಗುವುದೇ ಇದರ ಗುರುತು: ಕೈಯ ಅಡಿ ಅಂಗೈ, ಕಾಲಿನ ಅಡಿ ಅಂಗಾಲು, ಕಣ್ಣಿನ ಕಡೆ ಕಡೆಗಣ್ಣು, ನಾಲಿಗೆಯ ತುದಿ ತುದಿನಾಲಿಗೆ. ಹೊತ್ತಿಗೂ ಇದು ಸಲ್ಲುತ್ತದೆ: ಹಗಲಿನ ನಡು ನಡುಹಗಲು, ಇರುಳಿನ ನಡು ನಟ್ಟಿರುಳು. ಎರಡು ಕಡೆ ಮಾತ್ರ ಎಚ್ಚರ. ಹೆಬ್ಬೆರಳು ಬೆರಳಿನ ಭಾಗವಲ್ಲ, ಹಿರಿದಾದ ಬೆರಳು, ಕರ್ಮಧಾರಯ. ಹಿಂಬಾಗಿಲು ಕೂಡ ಬಾಗಿಲಿನ ಹಿಂಭಾಗವಲ್ಲ, ಮನೆಯ ಹಿಂದಿರುವ ಒಂದು ಪೂರ್ತಿ ಬಾಗಿಲು. ಉದಾಹರಣೆಗಳನ್ನು ಉರುಹೊಡೆಯುವ ಬದಲು ‘ಇದು ಅದರ ಒಂದು ಭಾಗವೇ?’ ಎಂದು ಕೇಳಿಕೋ, ಪರೀಕ್ಷೆಯಲ್ಲಿ ಸಮಯವೂ ಉಳಿಯುತ್ತದೆ.

ಪ್ರಶ್ನೆ: ನಾವು ಹಲಸಿನ ತೊಳೆ ಎನ್ನುತ್ತೇವೆ. ಪುತ್ತೂರಿನಿಂದ ಬಂದ ನಮ್ಮ ಸೊಸೆ ಸೊಳೆ ಎನ್ನುತ್ತಾಳೆ. ಯಾವುದು ಸರಿ?
– ಗೃಹಿಣಿ, ಮೈಸೂರು

ಉತ್ತರ: ಎರಡೂ ಸರಿ. ಸೊಳೆ ತಪ್ಪು ಉಚ್ಚಾರಣೆಯಲ್ಲ. ತಮಿಳಿನಲ್ಲಿ ಅದೇ ಸುಳೈ, ಮಲಯಾಳದಲ್ಲಿ ಚುಳ. ಹಲಸಿನ ವಿಷಯದಲ್ಲಿ ನಿಮ್ಮ ಸೊಸೆಯ ಊರಿನವರ ಮಾತಿಗೆ ತುಸು ಹೆಚ್ಚೇ ತೂಕ ಕೊಡಬೇಕು. ನಡುವಿನ ದಿಂಡಿಗೆ ಗೂಂಜು, ಬೀಜಕ್ಕೆ ಬೇಳೆ ಎಂದು ಅವರಲ್ಲಿ ಬೇರೆ ಬೇರೆ ಹೆಸರಿದೆ. ನೀವು ಕಿತ್ತಳೆಗೂ ಹಲಸಿಗೂ ತೊಳೆ ಎಂದೇ ಹೇಳಿ, ಯಾರೂ ಬೇಡವೆನ್ನುವುದಿಲ್ಲ. ಬೆಳ್ಳುಳ್ಳಿಗೆ ಮಾತ್ರ ಎಸಳು ಒಳ್ಳೆಯದು. ಆದರೆ ಮಳೆಗಾಲಕ್ಕೆಂದು ಉಪ್ಪುನೀರಿನಲ್ಲಿ ಹಾಕಿಡುವ ಉಪ್ಪುಸೊಳೆಯನ್ನು ‘ಉಪ್ಪುತೊಳೆ’ ಎಂದು ತಿದ್ದಲು ಹೋಗಬೇಡಿ. ಕರಾವಳಿಯಲ್ಲಿ ಆ ಹೆಸರು ಹೇಳಿ ಕೇಳಿದರೆ ಯಾರೂ ಭರಣಿ ತೆಗೆಯುವುದಿಲ್ಲ.